ಹಳೆ ಜೂಮ್ ಕೊಳ್ಳುವ ಮುನ್ನ...

ಫಿಲ್ಮ್ ಕ್ಯಾಮೆರಾಗೆ ಹಳೆ ಟೆಲಿ ಜೂಮ್ ಯಾವುದು ಅಂತ ಕೇಳಿದರೆ ಬಹಳ ಜನ ಹೇಳೋದು 1970ರ ದಶಕದ ವಿವಿಟಾರ್ ಸೀರೀಸ್ 1, 70-210, ಎಫ್/3.5. ಒಳ್ಳೇ ಲೆನ್ಸೇ, ಅನುಮಾನ ಇಲ್ಲ. ಆದರೆ ನಮ್ಮ ಉಡಿಗಾಲದ ಕಡೆ ಫೋಟೋ ತೆಗೆಯೋಕೆ ನನ್ನ ಓಟು ಹಳೆ ನಿಕ್ಕಾರ್ 80-200, ಎಫ್/4.5ಕ್ಕೆ!

ಯಾಕಂತೀರಾ? ಬೆಳಕಿನಲ್ಲಿ ಎರಡಕ್ಕೂ ಇರೋ ವ್ಯತ್ಯಾಸ ಮುಕ್ಕಾಲು ಸ್ಟಾಪು, ಅಷ್ಟೇ. ಸೂರ್ಯಕಾಂತಿ ಹೊಲದ ಸುಡುಬಿಸಿಲಲ್ಲಿ 400ರ ಫಿಲ್ಮ್ ಹಾಕಿದರೆ ಎಫ್/11ರಲ್ಲೇ ಹೆಚ್ಚುಕಮ್ಮಿ 1/1000 ಸೆಕೆಂಡ್ ಸಿಗುತ್ತೆ. 200 ಮಿ.ಮೀ.ಗೆ ಕೈಯಲ್ಲಿ ಹಿಡಿದು ತೆಗೆಯೋಕೆ 1/250 ಸಾಕು. ಇನ್ನು 3.5 ಯಾಕೆ? ಜತೆಗೆ ನಿಕ್ಕಾರ್‌ಗೆ 52 ಮಿ.ಮೀ. ಫಿಲ್ಟರ್ರು, ನಿಕಾನ್‌ನ 50 ಮಿ.ಮೀ. ಲೆನ್ಸಿನದ್ದೇ ಆಗುತ್ತೆ. ಹಾಂ, ಬಂಡೀಪುರದ ಅಂಚಲ್ಲಿ ಮುಸ್ಸಂಜೆ ಜಿಂಕೆ ತೆಗೆಯೋರಿಗೆ ವಿವಿಟಾರೇ ಸರಿ. ವ್ಯೂಫೈಂಡರಲ್ಲಿ ಬೆಳಕು ಜಾಸ್ತಿ, ಫೋಕಸ್ ಸುಲಭ.

ಯಾವುದೇ ಕೊಳ್ಳಿ, ಟಾರ್ಚ್ ಬಿಟ್ಟು ಒಳಗೆ ಬೂಷ್ಟು ಇದೆಯಾ ನೋಡಿ. ಮುಖ ಕೆಳಗೆ ಮಾಡಿದಾಗ ಜೂಮ್ ತಾನೇ ಜಾರುತ್ತಾ ನೋಡಿ. ಫಿಲ್ಮಲ್ಲಿ 36 ಚಿತ್ರ ಹಾಳಾದದ್ದು ಡೆವಲಪ್ ಆದ ಮೇಲೇ ಗೊತ್ತಾಗೋದು. ಬೂಷ್ಟು ಹಿಡಿದ ಸೀರೀಸ್ 1ಗಿಂತ ಗಾಜು ಶುಭ್ರವಾಗಿರೋ ಸಾಧಾರಣ ಲೆನ್ಸೇ ಮೇಲು.

ನೀವೇನಂತೀರಿ?