ಸೃಷ್ಟಿಕಥೆಗಳನ್ನು ನಮ್ಮ ಮಕ್ಕಳು ಓದಬೇಕೇ?

ಜಗತ್ತು ಹೇಗೆ ಹುಟ್ಟಿತೆಂಬುದಕ್ಕೆ ಪ್ರತಿಯೊಂದು ಜನಾಂಗವೂ ಒಂದೊಂದು ಕಥೆಯನ್ನು ಹೇಳಿಕೊಂಡು ಬಂದಿದೆ. ನಮ್ಮದೂ ಅವುಗಳಂತೆಯೇ ಇನ್ನೊಂದು ಕಥೆಯೇ? ಪ್ರೌಢಶಾಲೆಯ ಮೆಟ್ಟಿಲು ಹತ್ತಿದ ನಮ್ಮ ಮಕ್ಕಳು ಇಂದು ಈ ಪ್ರಶ್ನೆಯನ್ನು ಮನೆಗೆ ತರುತ್ತಿದ್ದಾರೆ. ಮನೆಯಲ್ಲಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಅವೆಲ್ಲ ಕಟ್ಟುಕಥೆ, ಕಿವಿಗೊಡಬೇಡ ಎಂಬ ಗದರಿಕೆ ಒಂದು. ನೋಡು, ಅವರೂ ನೀರು, ಮಣ್ಣು ಎಂದೇ ಹೇಳುತ್ತಾರೆ, ಪವಿತ್ರ ಕುರ್‌ಆನ್ ಹೇಳಿದ್ದನ್ನು ಎಲ್ಲರೂ ಒಪ್ಪಿದ್ದಾರೆ ಎಂಬ ಸಮಾಧಾನ ಇನ್ನೊಂದು. ಈ ಎರಡೂ ಮಗುವಿನ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಹೋಲಿಕೆಗಳಿವೆ, ನಿಜ. ಪ್ರಾಚೀನ ಈಜಿಪ್ಟಿನವರು ಆದಿಯಲ್ಲಿ ‘ನೂನ್’ ಎಂಬ ಜಲರಾಶಿಯಿತ್ತು, ಅದರಿಂದ ಮೊದಲ ದಿಬ್ಬ ಮೇಲೆದ್ದಿತು ಎಂದರು. ಬ್ಯಾಬಿಲೋನಿನವರು ಸಿಹಿನೀರಿನ ಅಪ್ಸು, ಉಪ್ಪುನೀರಿನ ತಿಯಾಮತ್ ಎಂಬ ಇಬ್ಬರಿಂದ ಕಥೆಯನ್ನು ಆರಂಭಿಸಿದರು. ನಮ್ಮ ಬಾಗಲಕೋಟೆ ಜಿಲ್ಲೆಯದೇ ಆದ ಬಾದಾಮಿಯಲ್ಲಿ, 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ, ನೀರಿನಾಳದಿಂದ ಭೂದೇವಿಯನ್ನು ಎತ್ತಿ ಹಿಡಿದ ವರಾಹನ ಶಿಲ್ಪವಿದೆ. ಸೂರಃ ಅಲ್ ಅಂಬಿಯಾ ಸಕಲ ಜೀವಿಗಳನ್ನೂ ನೀರಿನಿಂದ ಉಂಟುಮಾಡಲಾಯಿತೆಂದು ತಿಳಿಸುತ್ತದೆ. ನದಿಯ ದಡದಲ್ಲಿ ಬಾಳಿದವರು ನೀರನ್ನೇ ಮೊದಲು ನೆನೆದುದರಲ್ಲಿ ಅಚ್ಚರಿಯಿಲ್ಲ. ಘಟಪ್ರಭೆಯ ನೆರೆ ಇಳಿದಾಗ ಮೊದಲು ತಲೆ ಎತ್ತುವ ಮಣ್ಣಿನ ದಿಬ್ಬವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿಯೊಂದು ಜನಾಂಗಕ್ಕೂ ಪ್ರವಾದಿಗಳು ಬಂದಿದ್ದರೆಂಬುದು ನಮ್ಮ ವಿಶ್ವಾಸ. ಆದುದರಿಂದ ಅವರ ಬೋಧನೆಯ ಒಂದು ಎಳೆ ಎಲ್ಲಿಯಾದರೂ ಉಳಿದಿರಲೂಬಹುದು. ಆದರೆ ನೀರೆಂಬ ಒಂದು ಪದ ಎರಡು ಕಡೆ ಬಂದ ಮಾತ್ರಕ್ಕೆ ಅದು ಸಿದ್ಧವಾಗುವುದಿಲ್ಲ. ಅದೇ ಹೋಲಿಕೆಯನ್ನು ಹಿಡಿದು, ಕುರ್‌ಆನ್ ಇತರರಿಂದ ಎರವಲು ಪಡೆಯಿತೆಂದು ವಾದಿಸುವವರೂ ಇದ್ದಾರಲ್ಲವೇ?

ಹೋಲಿಕೆಗಿಂತ ವ್ಯತ್ಯಾಸವೇ ಹೆಚ್ಚು ಕಲಿಸುತ್ತದೆ. ‘ಅತ್ರಹಾಸಿಸ್’ ಎಂಬ ಮೆಸೊಪೊಟೇಮಿಯದ ಕಾವ್ಯದಲ್ಲೂ ಮನುಷ್ಯನು ಮಣ್ಣಿನಿಂದಲೇ ಆದವನು. ಏಕೆ? ಕಿರಿಯ ದೇವತೆಗಳು ಕಾಲುವೆ ತೋಡಿ ತೋಡಿ ದಣಿದು ದಂಗೆಯೆದ್ದರು. ಆಗ ಒಬ್ಬ ದೇವತೆಯನ್ನು ಕೊಂದು, ಅವನ ರಕ್ತಮಾಂಸವನ್ನು ಜೇಡಿಮಣ್ಣಿಗೆ ಬೆರೆಸಿ, ದುಡಿಯಲು ಮನುಷ್ಯನನ್ನು ಮಾಡಿದರು. (ಕಬ್ಬಿಗೆ ನೀರು ಹಾಯಿಸಿ ಬೆನ್ನು ಬಾಗಿದ ನಮ್ಮೂರ ರೈತನಿಗೆ ಆ ದೇವತೆಗಳ ಮೇಲೆ ಕನಿಕರ ಮೂಡಿದರೂ ಮೂಡೀತು.) ಕುರ್‌ಆನಿನಲ್ಲಿಯೂ ಆದಮ್(ಅ) ಮಣ್ಣಿನಿಂದ ಆದವರು. ಆದರೆ ಅಲ್ಲಾಹನಿಗೆ ಯಾರ ದುಡಿಮೆಯೂ ಬೇಡ, ಯಾರ ಅನ್ನವೂ ಬೇಡ. ಸೂರಃ ಅದ್ಸಾರಿಯಾತ್ ಇದನ್ನು ಸ್ಪಷ್ಟಪಡಿಸುತ್ತದೆ. ಆದಮರಿಗೆ ಗುದ್ದಲಿಯನ್ನು ಕೊಡಲಿಲ್ಲ, ವಸ್ತುಗಳ ಹೆಸರುಗಳನ್ನು ಕಲಿಸಲಾಯಿತು, ಭೂಮಿಯ ಖಿಲಾಫತ್ತಿನ ಹೊಣೆಯನ್ನು ಹೊರಿಸಲಾಯಿತು. ಮಣ್ಣು ಎರಡು ಕಡೆಯೂ ಇದೆ. ಮನುಷ್ಯನ ಘನತೆ ಎರಡು ಕಡೆ ಒಂದೇ ಅಲ್ಲ. ಬ್ಯಾಬಿಲೋನಿನ ಕಥೆಯನ್ನು ಓದದ ಮಗುವಿಗೆ ಈ ಅಂತರ ಹೇಗೆ ತಿಳಿಯಬೇಕು?

ಇತರರ ಕಥೆಗಳನ್ನು ನೋಡಿ ನಗುವವರು ನಮ್ಮ ಮನೆಯೊಳಗಿನದನ್ನೂ ಒಮ್ಮೆ ನೋಡಬೇಕು. ಮೀನಿನ ಮೇಲೆ ಗೂಳಿ, ಗೂಳಿಯ ಕೊಂಬಿನ ಮೇಲೆ ಭೂಮಿ, ಗೂಳಿ ಕೊಂಬು ಬದಲಿಸಿದರೆ ಭೂಕಂಪ ಎಂಬ ಕಥೆಯನ್ನು ಎಷ್ಟು ಅಜ್ಜಿಯಂದಿರು ದೀನಿನ ಮಾತೆಂದೇ ಹೇಳಿಲ್ಲ! ಸಅಲಬಿ, ಕಿಸಾಯಿ ಮುಂತಾದವರ ‘ಕಸಸುಲ್ ಅಂಬಿಯಾ’ ಗ್ರಂಥಗಳಲ್ಲಿ ಭೂಮಿಯ ಕೆಳಗೆ ಆ ಗೂಳಿಯೂ ಮೀನೂ ಇವೆ, ಕುರ್‌ಆನಿನಲ್ಲಿ ಇಲ್ಲ. ಆದಿಶೇಷನ ಹೆಡೆಯ ಮೇಲಿನ ಭೂಮಿಗೂ ಇದಕ್ಕೂ ಎಷ್ಟು ದೂರ?

ಇನ್ನು ನಮ್ಮ ನೆಲದ ವಿಷಯ. ತಿಮ್ಮಾಪುರದ ಸಕ್ಕರೆ ಕಾರ್ಖಾನೆಯ ಪ್ರದೇಶಕ್ಕೆ ರನ್ನನಗರವೆಂದು ಹೆಸರು. ಮುಧೋಳದ ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ಕವಿ ರನ್ನನ ಹೆಸರು ಅದು. 993ರಲ್ಲಿ ‘ಅಜಿತಪುರಾಣ’ವನ್ನು ಬರೆದ ಆತ ಜೈನ. ಪಂಪನ ‘ಆದಿಪುರಾಣ’ಕ್ಕೆ ಆಕರವಾದದ್ದು ರಾಷ್ಟ್ರಕೂಟರ ಕಾಲದ ಆಚಾರ್ಯ ಜಿನಸೇನನ ಸಂಸ್ಕೃತ ಪುರಾಣ. ಜೈನರ ದೃಷ್ಟಿಯಲ್ಲಿ ಲೋಕಕ್ಕೆ ಆದಿಯೂ ಇಲ್ಲ, ಕರ್ತೃವೂ ಇಲ್ಲ. ಅಂದರೆ ಇದು ಇನ್ನೊಂದು ಸೃಷ್ಟಿಕಥೆಯಲ್ಲ, ಸೃಷ್ಟಿಯನ್ನೇ ಒಪ್ಪದ ದರ್ಶನ. ಜಿನಸೇನ ನೇರವಾಗಿಯೇ ಕೇಳುತ್ತಾನೆ: ಲೋಕವನ್ನು ಮಾಡುವ ಮೊದಲು ಕರ್ತೃ ಎಲ್ಲಿದ್ದ? ಅಗತ್ಯವಿದ್ದು ಮಾಡಿದನೆಂದರೆ ಅವನು ಪರಿಪೂರ್ಣನಲ್ಲ. ಆಟಕ್ಕಾಗಿ ಮಾಡಿದನೆಂದರೆ ಅದು ಮಕ್ಕಳ ಚಟುವಟಿಕೆ. ಕರುಣೆಯಿಂದ ಮಾಡಿದನೆಂದರೆ ಲೋಕದಲ್ಲಿ ದುಃಖವೇಕೆ?

ಈ ಪ್ರಶ್ನೆಗಳು ಗೂಳಿ, ಮೀನುಗಳ ಕಥೆಯಂತೆ ನಕ್ಕು ಬಿಡುವಂಥವಲ್ಲ. ನಮ್ಮ ಪರಂಪರೆಯೂ ನಕ್ಕು ಬಿಟ್ಟಿಲ್ಲ. ಜಗತ್ತು ಅನಾದಿಯೆಂದ ತತ್ತ್ವಜ್ಞಾನಿಗಳಿಗೆ ಇಮಾಮ್ ಗಝಾಲಿ(ರ) ‘ತಹಾಫುತುಲ್ ಫಲಾಸಿಫಾ’ದ ಮೊದಲ ಪ್ರಕರಣದಲ್ಲಿಯೇ ಉತ್ತರಿಸಿದರು: ಕಾಲವೂ ಸೃಷ್ಟಿಯೇ, ಆದುದರಿಂದ ಸೃಷ್ಟಿಯ ‘ಮೊದಲು’ ಎಂಬ ಕಾಲವು ನಮ್ಮ ಕಲ್ಪನೆಯಷ್ಟೆ, ಅಲ್ಲಾಹನ ಇಚ್ಛೆ ಅನಾದಿ, ಅದರ ಫಲ ಅವನು ಇಚ್ಛಿಸಿದಾಗ. ಆಟದ ಪ್ರಶ್ನೆಗೆ ಉತ್ತರ ಅದೇ ಸೂರಃ ಅಲ್ ಅಂಬಿಯಾದಲ್ಲಿದೆ; ಆಕಾಶ ಭೂಮಿಗಳನ್ನು ವಿನೋದಕ್ಕಾಗಿ ಸೃಷ್ಟಿಸಲಾಗಿಲ್ಲ. ಕರುಣೆ ಮತ್ತು ದುಃಖದ ಪ್ರಶ್ನೆಯೇ ಇವುಗಳಲ್ಲಿ ಕಠಿಣವಾದದ್ದು. ಈ ಬದುಕು ಪರೀಕ್ಷೆ, ಲೆಕ್ಕ ತೀರುವುದು ಪರಲೋಕದಲ್ಲಿ ಎಂಬುದು ನಮ್ಮ ಉತ್ತರ. ಜೈನನು ಅದನ್ನು ಒಪ್ಪಲಾರ. ಅವನಿಗೆ ದುಃಖದ ಮೂಲ ಅವರವರ ಕರ್ಮದಲ್ಲಿದೆ. ಇಲ್ಲಿ ಭಿನ್ನಾಭಿಪ್ರಾಯ ನಿಜವಾದದ್ದು. ‘ಎಲ್ಲರೂ ಹೇಳುವುದು ಒಂದೇ’ ಎಂದು ಅದರ ಮೇಲೆ ಬಟ್ಟೆ ಹೊದಿಸಿದರೆ ಜಿನಸೇನನಿಗೂ ಅನ್ಯಾಯ, ಗಝಾಲಿಗೂ ಅನ್ಯಾಯ.

ಗಝಾಲಿಯವರು ತತ್ತ್ವಜ್ಞಾನಿಗಳನ್ನು ಖಂಡಿಸುವ ಮೊದಲು ಅವರ ಶಾಸ್ತ್ರವನ್ನು ಕಲಿತು, ಅದರ ತಾತ್ಪರ್ಯವನ್ನು ತಿಳಿಸುವ ‘ಮಕಾಸಿದುಲ್ ಫಲಾಸಿಫಾ’ವನ್ನು ಬರೆದರು. ರನ್ನನಿಗಿಂತ ಸ್ವಲ್ಪ ಕಿರಿಯನಾದ ಅಲ್ ಬಿರೂನಿ ಸಂಸ್ಕೃತವನ್ನು ಕಲಿತು, ಸೃಷ್ಟಿ ಮತ್ತು ಯುಗಗಳ ಬಗ್ಗೆ ಹಿಂದೂಗಳು ಹೇಳುವುದನ್ನು ಅವರ ಮಾತಿನಲ್ಲಿಯೇ ದಾಖಲಿಸಿದ. ತನ್ನದು ವಾದಗ್ರಂಥವಲ್ಲವೆಂದು ಪೀಠಿಕೆಯಲ್ಲಿಯೇ ತಿಳಿಸಿದ. ಅಂಥವರ ವಾರಸುದಾರರೆಂದು ಹೇಳಿಕೊಳ್ಳುವ ಕೆಲವು ತಂದೆತಾಯಂದಿರು ಕನ್ನಡ ಪುಸ್ತಕದ ಹಳಗನ್ನಡ ಪಾಠ ಬಂದಾಗ, ಅಂಕಕ್ಕೆ ಬೇಕಾದಷ್ಟು ಓದಿ ಬಿಡು ಎನ್ನುತ್ತಾರೆ. ಹದಿನಾಲ್ಕರಲ್ಲಿ ತಡೆದ ಪ್ರಶ್ನೆ ಇಪ್ಪತ್ತರಲ್ಲಿ ಮೊಬೈಲಿನ ಮೂಲಕ ಬರುತ್ತದೆ. ಆಗ ಪಕ್ಕದಲ್ಲಿ ಉಸ್ತಾದರೂ ಇರುವುದಿಲ್ಲ, ತಂದೆಯೂ ಇರುವುದಿಲ್ಲ.

ಮಗ್ರಿಬ್ ನಂತರದ ನಮ್ಮ ಪಾಠಗಳಲ್ಲಿ ಸೂರಃ ಅಲ್ ಅಂಬಿಯಾ ಓದುವ ದಿನ ಜಿನಸೇನನ ಈ ಪ್ರಶ್ನೆಗಳನ್ನೂ ಕನ್ನಡದಲ್ಲಿಯೇ ಮಕ್ಕಳ ಮುಂದಿಡಬಹುದು. ಉತ್ತರವನ್ನು ಮೊದಲು ಅವರೇ ಹುಡುಕಲಿ. ಒಂದು ವಾರ ಹಿಡಿದರೂ ಹಿಡಿಯಲಿ.