ಬೇಸಿಗೆ ರಜೆಯಲ್ಲಿ ನಮ್ಮ ಮಕ್ಕಳೆಲ್ಲಿ?

ಏಪ್ರಿಲ್ ಬಂತೆಂದರೆ ಶಿವಮೊಗ್ಗದಲ್ಲಿ ಮಕ್ಕಳ ಶಿಬಿರಗಳ ಕಾಲ. ನಾಟಕ, ಚಿತ್ರಕಲೆ, ಮಣ್ಣಿನ ಕೆಲಸ, ಕತೆ ಹೇಳುವ ಆಟ ಎಲ್ಲವೂ ಅಲ್ಲಿರುತ್ತವೆ. ಆದರೆ ಅದೇ ತಿಂಗಳು ಕೋಟೆಯ ಓಣಿಗಳಲ್ಲಿ ಒಮ್ಮೆ ನಡೆದು ನೋಡಿ. ನಮ್ಮ ಹುಡುಗರು ಮನೆಯ ಜಗಲಿಯಲ್ಲಿ ಮೊಬೈಲ್ ಹಿಡಿದು ಕೂತಿರುತ್ತಾರೆ. ಹುಡುಗಿಯರು ಅಡುಗೆಮನೆಯಲ್ಲಿರುತ್ತಾರೆ. ಶಿಬಿರಕ್ಕೆ ಕಳಿಸಬಾರದೇ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: 'ಕುಣಿತ, ನಾಟಕದಿಂದ ಹೊಟ್ಟೆ ತುಂಬುತ್ತದೆಯೇ ಭಾಯಿ?'

ಕಳೆದ ವರ್ಷ ಒಬ್ಬ ತಂದೆ ತನ್ನ ಮಗನನ್ನು ಅರ್ಜಿಯೊಂದನ್ನು ಬರೆಸಲು ನನ್ನ ಬಳಿ ಕರೆತಂದರು. ಹುಡುಗ ಹಾಫಿಝ್. ರಮಝಾನಿನ ತರಾವೀಹ್‌ನಲ್ಲಿ ಅವನ ಪಾರಾಯಣ ಕೇಳಿದವರು ಕಣ್ಣೊರೆಸಿಕೊಳ್ಳುತ್ತಾರೆ. ಅಂಥವನು ಕಚೇರಿಯೊಂದರ ಸಂದರ್ಶನದಲ್ಲಿ ಮೇಜಿನಾಚೆಯ ಅಧಿಕಾರಿಗೆ ಎರಡು ವಾಕ್ಯ ಹೇಳಲಾಗದೆ ಹಿಂದಿರುಗಿದ್ದ. 'ಇವನಿಗೆ ಮಾತೇ ಬರುವುದಿಲ್ಲ' ಎಂದು ತಂದೆ ನಿಟ್ಟುಸಿರುಬಿಟ್ಟರು. ಆರು ಸಾವಿರಕ್ಕೂ ಹೆಚ್ಚು ಆಯತ್‌ಗಳನ್ನು ಕಂಠಸ್ಥ ಮಾಡಿದವನಿಗೆ ಮಾತು ಬರುವುದಿಲ್ಲವೆಂದರೆ ನಂಬಬೇಕೇ? ಅವನಿಗೆ ತನ್ನ ಮಾತನ್ನು ತಾನೇ ಕಟ್ಟಿ ನಾಲ್ಕು ಜನರೆದುರು ಆಡುವುದನ್ನು ಯಾರೂ ಕಲಿಸಿರಲಿಲ್ಲ, ಅಷ್ಟೇ. ತಪ್ಪು ಹುಡುಗನದಲ್ಲ, ನಮ್ಮದು.

ಕಲೆ ನಮಗೆ ಹೊರಗಿನದು ಎಂಬ ಭಾವನೆಯೂ ಸರಿಯಲ್ಲ. ಮದ್ರಸದಲ್ಲಿ ನಾನು ತಜ್ವೀದ್ ಕಲಿಯುವಾಗ ಯಾವ ಅಕ್ಷರ ಗಂಟಲಿನ ಯಾವ ಭಾಗದಿಂದ ಹೊರಡಬೇಕು, ಉಸಿರನ್ನು ಎಲ್ಲಿ ನಿಲ್ಲಿಸಬೇಕು ಎಂದು ಉಸ್ತಾದರು ತಿಂಗಳುಗಟ್ಟಲೆ ತಿದ್ದಿದ್ದರು. ಮುಂದೆ ಕಲಾ ಪದವಿ ಓದುವಾಗ ರಂಗಶಿಬಿರವೊಂದಕ್ಕೆ ಹೋದೆ. ಅಲ್ಲಿನ ಮೊದಲ ಪಾಠವೂ ಉಸಿರು ಮತ್ತು ಉಚ್ಚಾರಣೆಯದೇ! ನಮ್ಮ ಮೀಲಾದ್ ಕಾರ್ಯಕ್ರಮಗಳಲ್ಲಿ ಮಕ್ಕಳು ನಅತ್ ಹಾಡುತ್ತಾರೆ, ಭಾಷಣ ಮಾಡುತ್ತಾರೆ. ವರ್ಷಕ್ಕೊಂದು ರಾತ್ರಿ ನಾವು ಒಪ್ಪುವುದನ್ನು ಉಳಿದ ದಿನಗಳಲ್ಲಿ ವ್ಯರ್ಥವೆನ್ನುವುದು ಯಾವ ನ್ಯಾಯ?

ಈ ವಿಷಯದಲ್ಲಿ ನಮ್ಮ ಜಿಲ್ಲೆಯಷ್ಟು ಭಾಗ್ಯವಂತ ಜಿಲ್ಲೆಗಳು ಕಡಿಮೆ. ಸಾಗರ ತಾಲೂಕಿನ ಹೆಗ್ಗೋಡೆಂಬ ಹಳ್ಳಿಯಲ್ಲಿ 1949ರಲ್ಲಿ ನೀನಾಸಂ ಹುಟ್ಟಿತು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಅಡಿಕೆ ಬೆಳೆಗಾರರಾಗಿದ್ದರು; 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. 1980ರಲ್ಲಿ ಆರಂಭವಾದ ಅಲ್ಲಿನ ರಂಗಶಿಕ್ಷಣ ಕೇಂದ್ರದಲ್ಲಿ ಕಲಿತವರು ಇಂದು ನಾಡಿನೆಲ್ಲೆಡೆ ಮಕ್ಕಳಿಗೆ ಕಲಿಸುತ್ತಿದ್ದಾರೆ. ಅದೇ ತಾಲೂಕಿನ ತುಮರಿಯಲ್ಲಿ ಮಕ್ಕಳ ರಂಗಭೂಮಿಗೆ ಹೆಸರಾದ ಕಿನ್ನರ ಮೇಳ ಬೆಳೆಯಿತು. ಶಿವಮೊಗ್ಗ ನಗರದಲ್ಲಿಯೇ ರಂಗಾಯಣವಿದೆ. ಬಾವಿ ಪಕ್ಕದಲ್ಲಿದ್ದೂ ನಾವು ಕೊಡ ತೆಗೆದುಕೊಂಡು ಹೋಗಲಿಲ್ಲ.

ಹೋದವರಿಗೆ ಏನು ದಕ್ಕಿತೆಂಬುದಕ್ಕೂ ಉದಾಹರಣೆ ಇಲ್ಲಿಯೇ ಇದೆ. ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದ ಕೆ.ಎಸ್. ನಿಸಾರ್ ಅಹಮದ್ ಅವರ ನಿತ್ಯೋತ್ಸವ ಗೀತೆ ಕನ್ನಡಿಗರೆಲ್ಲರ ಹಾಡಾಯಿತು. ಎಂಟು ವರ್ಷದ ಬಾಲಕಿ ಬಾನು ಮುಷ್ತಾಕ್ ಅವರನ್ನು ಶಿವಮೊಗ್ಗದ ಮಿಷನರಿ ಶಾಲೆಯೊಂದು, ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕೆಂಬ ಷರತ್ತಿನೊಂದಿಗೆ ಸೇರಿಸಿಕೊಂಡಿತ್ತು. 2025ರಲ್ಲಿ ಅವರ ಕನ್ನಡ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಅವರ ಎಲ್ಲ ಅಭಿಪ್ರಾಯಗಳನ್ನು ನಾವು ಒಪ್ಪಬೇಕೆಂದಿಲ್ಲ. ಆದರೆ ಮಗಳ ಕೈಗೆ ಕನ್ನಡದ ಅಕ್ಷರ ಕೊಡಿಸಿದ ಆ ಹೆತ್ತವರ ನಿರ್ಧಾರವನ್ನಾದರೂ ಗಮನಿಸಬೇಡವೇ?

ಹೊಟ್ಟೆಪಾಡಿನ ಪ್ರಶ್ನೆಗೆ ಭದ್ರಾವತಿಯೇ ಪಾಠ ಹೇಳುತ್ತದೆ. ತಂದೆಯ ಬಳಿಕ ಮಗನಿಗೂ ಕಾರ್ಖಾನೆಯೇ ಗತಿ ಎಂದು ಎಷ್ಟೋ ಮನೆಗಳು ನಂಬಿದ್ದವು. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆಯೂ ಹಳೆಯ ವೈಭವದಲ್ಲಿ ಉಳಿಯಲಿಲ್ಲ. ಇಂದಿನ ಕೆಲಸಗಳು ಮಾತು, ಕಲ್ಪನೆ ಮತ್ತು ಹತ್ತು ಜನರೊಡನೆ ಹೊಂದಿ ದುಡಿಯುವ ಶಕ್ತಿಯನ್ನು ಬೇಡುತ್ತವೆ. ಮಕ್ಕಳು ಒಟ್ಟಾಗಿ ನಾಟಕವೊಂದನ್ನು ಕಟ್ಟುವಾಗ ಕಲಿಯುವುದು ಇದನ್ನೇ.

ಇನ್ನೂ ದೊಡ್ಡ ಮಾತೊಂದಿದೆ. 2022ರ ಫೆಬ್ರವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಶಿವಮೊಗ್ಗ ನಿಷೇಧಾಜ್ಞೆಯ ದಿನಗಳನ್ನು ಕಂಡಿತು. ಪಕ್ಕದ ಬೀದಿಯ ಮಕ್ಕಳ ಹೆಸರೇ ಅರಿಯದೆ ಬೆಳೆಯುವ ಮಕ್ಕಳಲ್ಲಿ ಭಯ ಸುಲಭವಾಗಿ ಬೇರೂರುತ್ತದೆ. ಒಂದೇ ನಾಟಕದಲ್ಲಿ ಒಬ್ಬ ಮರವಾಗಿ, ಇನ್ನೊಬ್ಬ ಅದರ ಹಕ್ಕಿಯಾಗಿ ತಿಂಗಳು ಕಳೆದವರನ್ನು ಎತ್ತಿಕಟ್ಟುವುದು ಅಷ್ಟು ಸುಲಭವಲ್ಲ.

ಅಭಿನಯ, ವಾದ್ಯಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆಯೆಂಬುದನ್ನು ನಾನು ಬಲ್ಲೆ. ಅದನ್ನು ಗೌರವಿಸೋಣ. ಆದರೆ ಕತೆ ಹೇಳಲು, ಅಕ್ಷರ ಕಲೆಗೆ, ರದ್ದಿ ಕಾಗದದಿಂದ ಗೊಂಬೆಮನೆ ಕಟ್ಟಲು, ಗೋಡೆಪತ್ರಿಕೆ ಬರೆಯಲು ಯಾರ ಅಡ್ಡಿಯಿದೆ? ನಿಜವಾದ ಅಡ್ಡಿ ನಮ್ಮ ಉದಾಸೀನ.

ಮೊಹಲ್ಲಾದ ಜಮಾಅತ್‌ಗಳು ಮುಂದಿನ ಬೇಸಿಗೆಯಲ್ಲಿ ಹದಿನೈದು ದಿನ ಒಂದು ಶಾದಿಮಹಲನ್ನು ಮಕ್ಕಳಿಗೆ ಬಿಟ್ಟುಕೊಡಲಿ. ತರಬೇತಿ ಪಡೆದ ಇಬ್ಬರು ರಂಗಶಿಕ್ಷಕರನ್ನು ಕರೆಯಲಿ. 'ಸೇವೆ' ಎಂಬ ಹೆಸರಿನಲ್ಲಿ ಅವರನ್ನು ಬರಿಗೈಯಲ್ಲಿ ಕಳುಹಿಸದೆ, ಗೌರವದ ಸಂಭಾವನೆ ನೀಡಲಿ. ಮಕ್ಕಳೊಡನೆ ದುಡಿಯುವುದೂ ಒಂದು ವೃತ್ತಿ. ನಮ್ಮ ಪದವೀಧರ ಯುವತಿಯರು ಅದನ್ನು ಆರಿಸಿಕೊಳ್ಳುವ ದಿನವೂ ಬರಲಿ. ಹುಡುಗಿಯರಿಗೆ ಸಮಾನ ಸ್ಥಾನವಿರಲಿ. ಎಲ್ಲ ಬೀದಿಗಳ ಮಕ್ಕಳಿಗೂ ಬಾಗಿಲು ತೆರೆದಿರಲಿ.

ಒಂದು ಮದುವೆಯ ಊಟದಲ್ಲಿ ನಾವು ಪೋಲು ಮಾಡುವ ಹಣಕ್ಕಿಂತ ಇದರ ಖರ್ಚು ಹೆಚ್ಚಾಗಲಾರದು. ಆ ಹಾಫಿಝ್ ಹುಡುಗನ ತಮ್ಮ ಈಗ ಆರನೆಯ ತರಗತಿಯಲ್ಲಿದ್ದಾನೆ. ಅವನ ವಿಷಯದಲ್ಲಾದರೂ ನಾವು ತಡಮಾಡದಿರೋಣ.