ಸಹಿ ಮಾಡುವ ಮುನ್ನ

ಹೋದ ವಾರ ಕರದಂಟಿಗೆ ಬೆಲ್ಲದ ಪಾಕ ಇಟ್ಟಿದ್ದೆ. ಅಷ್ಟರಲ್ಲಿ ಮೂಡಲಗಿಯಿಂದ ತಂಗಿಯ ಫೋನು ಬಂತು. "ಅಕ್ಕಾ, ನಮ್ಮ ಪತ್ತಿನ ಸಂಘದಾಗ ಹೆಣ್ಣಮಕ್ಕಳ ಸೀಟಿಗೆ ನನ್ನ ಹೆಸರು ಹಾಕ್ತಾರಂತ. ಮೀಟಿಂಗಿಗೆ ಬಂದು ಸಹಿ ಮಾಡಿದ್ರ ಸಾಕಂತ." ದನಿಯಲ್ಲಿ ಹಿಗ್ಗಿತ್ತು. ಇಲ್ಲಿ ಗೋಕಾಕದಲ್ಲಿ ನನ್ನ ಪಾಕ ಗಟ್ಟಿಯಾಗಿ ಹೋದದ್ದೇ ಗೊತ್ತಾಗಲಿಲ್ಲ!

ಹುಕ್ಕೇರಿಯ ನಮ್ಮ ನಾದಿನಿಗೂ ಹಿಂದೆ ಹೀಗೆಯೇ ಹೇಳಿ ಒಂದು ಸಂಘದ ನಿರ್ದೇಶಕಿ ಮಾಡಿದ್ದರು. ಚಹಾ ಆಗುತ್ತಿತ್ತು, ನಡಾವಳಿ ಪುಸ್ತಕ ಮುಂದೆ ಬರುತ್ತಿತ್ತು, ಇವಳು ಸಹಿ ಮಾಡುತ್ತಿದ್ದಳು. ಸಾಲ ಯಾರಿಗೆ, ಜಾಮೀನು ಯಾರದು, ಒಂದನ್ನೂ ಓದಿದವಳಲ್ಲ. ಮುಂದೆ ಲೆಕ್ಕ ತಪಾಸಣೆಯಲ್ಲಿ ಕೊರತೆ ಕಂಡು ಇವಳ ಹೆಸರಿಗೂ ನೋಟೀಸು ಬಂತು. ಒಂದು ಪೈಸೆ ಮುಟ್ಟದವಳು ವಕೀಲರ ಫೀಸಿಗಾಗಿ ಪಾಟಲಿ ಒತ್ತೆಯಿಟ್ಟಳು. ಕಡೆಗೆ ಅವಳ ಹೆಸರನ್ನು ಬಿಟ್ಟರು, ನಿಜ. ಪಾಟಲಿ ಇನ್ನೂ ಬಿಡಿಸಿಲ್ಲ.

1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 69ನೇ ಕಲಮು ಬಹಳ ಬಿಗಿ. ನಂಬಿಕೆದ್ರೋಹದಿಂದಾಗಲಿ, ತಿಳಿದೂ ತಿಳಿದೂ ಮಾಡಿದ ಅಲಕ್ಷ್ಯದಿಂದಾಗಲಿ ಸಂಘಕ್ಕೆ ಹಾನಿಯಾದರೆ, ಕಾರಣರಾದವರು ಸ್ವಂತ ಗಂಟಿನಿಂದ ತುಂಬಿಕೊಡಬೇಕಾಗುತ್ತದೆ. ಹಿಂದಿನ ನಿರ್ದೇಶಕರಿಗೂ ಇದು ಬಿಟ್ಟಿಲ್ಲ.

ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ನಿರ್ದೇಶಕರ ಹೊಣೆಗಾರಿಕೆ ವಿಮೆ ಇರುತ್ತದೆ. ಶೇರುಪೇಟೆಯ ಮೊದಲ 1000 ಕಂಪನಿಗಳು ಸ್ವತಂತ್ರ ನಿರ್ದೇಶಕರಿಗೆ ಇದನ್ನು ಮಾಡಿಸಲೇಬೇಕೆಂಬ ಸೆಬಿಯ ನಿಯಮ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಕಂತು ಕಟ್ಟುವುದು ಸಾಮಾನ್ಯವಾಗಿ ಕಂಪನಿಯೇ. ಪ್ರಾಮಾಣಿಕವಾಗಿ ಮಾಡಿದ ತೀರ್ಮಾನ ತಪ್ಪಿ ಯಾರಾದರೂ ದಾವೆ ಹೂಡಿದರೆ, ವಕೀಲರ ಖರ್ಚು, ಪರಿಹಾರದ ಹಣ ವಿಮೆಯಿಂದ ಸಿಗುತ್ತದೆ. ಮೋಸ ಮಾಡಿದ್ದು ಸಾಬೀತಾದರೆ ಇಲ್ಲ.

ಇದರಲ್ಲೊಂದು ಸೂಕ್ಷ್ಮವಿದೆ, ವಿಮಾ ಕಚೇರಿಯಲ್ಲಿರುವ ನಮ್ಮ ಅಳಿಯ ಹೇಳಿದ್ದು. ಸಾಮಾನ್ಯವಾಗಿ ನೀವು ಸಹಿ ಮಾಡಿದ ದಿನ ಪಾಲಿಸಿ ಇದ್ದರೆ ಸಾಲದು, ನಿಮ್ಮ ಮೇಲೆ ದಾವೆ ಬಂದ ದಿನ ಅದು ಜೀವಂತವಿರಬೇಕು. ನೀವು ಮನೆಗೆ ಬಂದ ಮೇಲೆ ಅವರು ಕಂತು ಬಿಟ್ಟರೆ? ಆದ್ದರಿಂದ ಹುದ್ದೆ ಬಿಟ್ಟ ನಂತರದ ಮಾತನ್ನೂ ಮೊದಲೇ ಕೇಳಬೇಕು. ನೋಟೀಸು ಬಂದರೆ ಕಪಾಟಿನಲ್ಲಿಡದೆ ಕೂಡಲೇ ವಿಮೆಯವರಿಗೆ ತಿಳಿಸಬೇಕು.

"ಬ್ಯಾಂಕಿನಾಗ 5 ಲಕ್ಷದ ವಿಮಾ ಅದ ಅಲ್ಲ?" ಎಂದಳು ತಂಗಿ. ಅದು ಠೇವಣಿ ಇಟ್ಟವರಿಗಮ್ಮಾ, ನಿರ್ದೇಶಕರಿಗಲ್ಲ. ಪತ್ತಿನ ಸಂಘದ ಠೇವಣಿಗೆ ಅದೂ ಇಲ್ಲ.

ವಿಮೆ ಇದ್ದರೂ ಓದದೆ ಸಹಿ ಮಾಡಬೇಡ, ಒಪ್ಪಿಗೆಯಿಲ್ಲದ ಠರಾವಿಗೆ "ನನ್ನ ವಿರೋಧವಿದೆ" ಎಂದು ನಡಾವಳಿಯಲ್ಲೇ ಬರೆಸು ಎಂದೆ. ನಾದಿನಿ ಇದೊಂದನ್ನು ಮಾಡಿದ್ದರೆ ಅವಳ ವಕೀಲರ ಕೆಲಸ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ತಂಗಿ ಕಾರ್ಯದರ್ಶಿಯನ್ನು ವಿಮೆಯ ಬಗ್ಗೆ ಕೇಳಿದಳಂತೆ. "ಅಕ್ಕಾರ, ಅದೆಲ್ಲಾ ದೊಡ್ಡ ಕಂಪನಿಯವ್ರಿಗೆ ಬಿಡ್ರಿ" ಎಂದು ನಕ್ಕರಂತೆ. ಹಾಗಾದರೆ ಹೋದ ವರ್ಷದ ಆಡಿಟ್ ವರದಿಯನ್ನಾದರೂ ತೋರಿಸಿ ಎಂದಳು. "ನೋಡೂಣ್ರಿ" ಎಂದರು. ನಾಲ್ಕು ದಿನವಾಯಿತು. ವರದಿ ಬಂದಿಲ್ಲ, ಇವಳೂ ನಾಮಪತ್ರಕ್ಕೆ ಸಹಿ ಹಾಕಿಲ್ಲ.